ಯಾರಿಗಾಗಿ ಹಾಡಿದ್ದು

ಹಬ್ಬದ ಮೊದಲ ದಿನ ಬೆಳಿಗ್ಗೆ, ಬೀಗ ಹಾಕಿದ ಕೋಣೆಯೊಳಗಿಂದ ನೀರು ತೊಟ್ಟಿಕ್ಕುವ ಸದ್ದು ಜರೀಫಾಳಿಗೆ ಕೇಳಿಸಿತು.

ಅಡುಗೆಮನೆಯ ನಲ್ಲಿ ಇರಬಹುದೆಂದು ಹೋಗಿ ನೋಡಿದಳು. ಅದು ಒಣಗಿಕೊಂಡಿತ್ತು. ಬಚ್ಚಲುಮನೆಯದೂ ಅಲ್ಲ. ಮತ್ತೆ ಬಂದು, ಅವಳ ಗಂಡನಾಗಿದ್ದ ಡಾಕ್ಟರ ಕೋಣೆಯ ಬಾಗಿಲಿಗೆ ಕಿವಿಯಿಟ್ಟಳು. ಒಳಗೆ ಟಪ್ ಎಂದಿತು, ಸ್ವಲ್ಪ ಸುಮ್ಮನಿದ್ದು ಮತ್ತೆ ಟಪ್ ಎಂದಿತು. ಹಿಂದಿನ ರಾತ್ರಿ ಹಬ್ಬದೂಟಕ್ಕೆ ಕೂತಾಗ ಹಿಡಿದ ಮಳೆ ಜೆರುಸಲೇಮನ್ನು ಇನ್ನೂ ಬಿಟ್ಟಿರಲಿಲ್ಲ. ಕಟಮೋನ್ ಬಡಾವಣೆಯ ಆ ಸರ್ಕಾರಿ ಕಟ್ಟಡದಲ್ಲಿ ಜರೀಫಾಳದು ಮೇಲಿನ ಅಂತಸ್ತು, ಅದರ ಮೇಲೆ ತಾರಸಿ ಬಿಟ್ಟರೆ ಬರೀ ಆಕಾಶ. ತಾರಸಿಯ ಬಿರುಕು ನೋಡಲು ಎರಡು ವರ್ಷದ ಹಿಂದೆ ಒಬ್ಬ ಬಂದಿದ್ದ. ಕಾಲಲ್ಲಿ ಎರಡು ಸಲ ಒದ್ದು, ಸೋರಲ್ಲ ಎಂದು ಹೇಳಿ ಹೋಗಿದ್ದ, ಪುಣ್ಯಾತ್ಮ.

ಬಾಗಿಲು ತೆಗೆದು ಒಂದು ಬಕೆಟ್ ಇಟ್ಟಿದ್ದರೆ ಆಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ತಾಪತ್ರಯ ಇದ್ದದ್ದೇ ಅಲ್ಲಿ. ಬೀಗದ ಕೈ ಅವಳ ಹತ್ತಿರ ಇರಲಿಲ್ಲ. ಕೋಣೆಯೂ ಅವಳದಾಗಿರಲಿಲ್ಲ. ಮಾರಿಬಿಟ್ಟಿದ್ದಳು.

ಪೆಸಾಖ್ ಹಬ್ಬದ ಏಳು ದಿನ, ಹುಳಿ ಬಂದ ಗೋಧಿಯ ಒಂದು ಚೂರೂ ಮನೆಯಲ್ಲಿ ಇರಕೂಡದು. ಇದ್ದರೂ ತನ್ನದಾಗಿ ಇರಕೂಡದು. ಅದಕ್ಕೇ ಮಿಕ್ಕ ಹಿಟ್ಟು, ರವೆ, ಶಾವಿಗೆಯನ್ನೆಲ್ಲ ಒಂದು ಕಡೆ ಕೂಡಿಟ್ಟು, ಮುಚ್ಚಿ, ಯೆಹೂದಿಯಲ್ಲದ ಒಬ್ಬನಿಗೆ ಮಾರುವುದು, ಹಬ್ಬ ಕಳೆದ ಮೇಲೆ ವಾಪಸ್ ಕೊಳ್ಳುವುದು. ಎಲ್ಲರೂ ಅಡುಗೆಮನೆಯ ಒಂದು ಕಪಾಟು ಮಾರುತ್ತಾರೆ. ಜರೀಫಾಳೂ ಇಷ್ಟು ವರ್ಷ ಕಪಾಟನ್ನೇ ಮಾರಿದ್ದಳು. ಈ ಸಲ ಕಪಾಟಿನ ಬಾಗಿಲು ಕಿತ್ತುಹೋಗಿತ್ತು. ಯಾರೂ ಕಾಲಿಡದ ಜಾಗ ಅದೊಂದೇ ಅಲ್ಲವೇ ಎಂದು ಹುಳಿ ಸಾಮಾನನ್ನೆಲ್ಲ ತೀರಿಹೋದ ಗಂಡನ ಕೋಣೆಗೆ ಸಾಗಿಸಿದಳು. ಹಿಟ್ಟಿನ ಚೀಲಕ್ಕೆ ಬೇರೆಲ್ಲೂ ಜಾಗ ಸಾಲದೆ, ಟೇಪು ಡಬ್ಬಿಗಳ ಮೇಲಿನ ಹಲಗೆಯಲ್ಲಿ ಇಟ್ಟಳು.

ಮಾರಾಟ ನಡೆಸುವವರು ಓಣಿಯ ಧರ್ಮಗುರು, ಹಾಖಾಮ್ ಶಬ್ತಾಯ್. ವ್ಯವಹಾರ ಪಕ್ಕಾ ಆಯಿತೆಂಬ ಗುರುತಿಗೆ ಕರವಸ್ತ್ರದ ತುದಿ ಹಿಡಿಸಿ ಏನು ಮಾರುತ್ತೀ ಎಂದು ಕೇಳಿದರು. ಡಾಕ್ಟರ ಕೋಣೆ ಎಂದಳು. ಪೂರ್ತಿಯೇ ಎಂದರು. ಹೂಂ, ಪೂರ್ತಿ ಎಂದಳು, ಮನಸ್ಸು ಒಲೆಯ ಮೇಲಿನ ಪಾತ್ರೆಯಲ್ಲಿತ್ತು. ಬೇರೆ ಗುರುಗಳಾಗಿದ್ದರೆ ಬೀಗದ ಕೈಗಳನ್ನು ತಮ್ಮ ಮೇಜಿನಲ್ಲೇ ಇಟ್ಟುಕೊಳ್ಳುತ್ತಿದ್ದರು. ಶಬ್ತಾಯ್ ಅಂಥವರಲ್ಲ. ಮಾರಿದ ಮೇಲೆ ಮಾರಿದ ಹಾಗೇ, ಮಕ್ಕಳಾಟ ಅಲ್ಲ ಎಂದು ಓಣಿಯ ಬೀಗದ ಕೈಗಳನ್ನೆಲ್ಲ ಗೊಂಚಲು ಕಟ್ಟಿ, ಕೊಂಡವನ ಕೈಗೇ ಹಾಕುತ್ತಿದ್ದರು. ಕೊಂಡವನು ರೈಲು ಹಳಿಯ ಆಚೆ ಬೇತ್ ಸಫಾಫಾದ ನಿಮರ್, ಪಿಕಪ್ ಗಾಡಿಯಲ್ಲಿ ಅಡುಗೆ ಗ್ಯಾಸ್ ಸಿಲಿಂಡರ್ ಹಂಚುವ ಅರಬ. ಹೀಗೆ ಅರ್ಧ ಚೀಲ ಹಿಟ್ಟಿನ ಜೊತೆಗೆ ಡಾಕ್ಟರು ಜೀವಮಾನವೆಲ್ಲ ಕೂಡಿಹಾಕಿದ್ದೂ ನಿಮರನ ಪಾಲಾಗಿತ್ತು.

ಡಾಕ್ಟರೆಂದರೆ ಔಷಧಿ ಕೊಡುವವರಲ್ಲ. ಅವರ ಹೆಸರು ಸೀಗ್ಮಾರ್, ಜರ್ಮನಿಯಿಂದ ಜೀವ ಉಳಿಸಿಕೊಂಡು ಓಡಿಬಂದ ಸಂಗೀತ ವಿದ್ವಾಂಸರು. ಎರಡು ಸಾವಿರ ವರ್ಷದ ಹಿಂದೆ ಜೆರುಸಲೇಮಿನಲ್ಲಿ ಯೆಹೂದಿಗಳ ದೇವಾಲಯವಿದ್ದ ಕಾಲದಲ್ಲಿ ಇಲ್ಲಿ ಯಾವ ವಾದ್ಯ ನುಡಿಯುತ್ತಿತ್ತು ಎಂದು ತಿಳಿಯುವ ಹುಚ್ಚು ಅವರಿಗೆ. ಹಳೆಯ ನಾಣ್ಯಗಳ ಮೇಲಿನ ಕಿನ್ನರಿಯ ಚಿತ್ರ ಬರೆದುಕೊಂಡರು, ಅಗೆತದಲ್ಲಿ ಸಿಕ್ಕ ಮಣ್ಣಿನ ಗಿಲಕಿ, ಮೂಳೆಯ ಪೀಪಿಗಳ ಅಚ್ಚು ತೆಗೆದರು. ಆಮೇಲೆ ಯೆಮೆನ್, ಬುಖಾರಾ, ಕುರ್ದಿಸ್ತಾನದಿಂದ ಯೆಹೂದಿಗಳು ಬಂದು ಡೇರೆ ಶಿಬಿರಗಳಲ್ಲಿ ಇಳಿದಾಗ, ಕಲ್ಲಿನಷ್ಟು ಭಾರದ ಯಂತ್ರವೊಂದನ್ನು ಹೊತ್ತು ಡೇರೆಯಿಂದ ಡೇರೆಗೆ ತಿರುಗಿ ಮುದುಕ ಮುದುಕಿಯರ ಹಾಡನ್ನು ಸುರುಳಿ ಟೇಪಿಗೆ ಹಿಡಿದರು. ಹಾಡಿದ ಮುದುಕರೆಲ್ಲ ಹೋದರು. ಹಾಡು ಉಳಿದದ್ದು ಆ ಕೋಣೆಯಲ್ಲಿ ಮಾತ್ರ.

ಅಂಥದೊಂದು ಡೇರೆಯಲ್ಲಿ ಜರೀಫಾಳ ತಾಯಿ ಖಾತೂನ್ ಇದ್ದಳು. ಕುರ್ದಿಸ್ತಾನದ ಅಮಾದಿಯಾ ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಅವಳನ್ನು ಕರೆಸುತ್ತಿದ್ದರು. ಅವಳು ಹಾಡುತ್ತಿದ್ದಳು, ಉಳಿದವರು ಅಳುತ್ತಿದ್ದರು. ಹೆಣವಿಲ್ಲದ ಕಡೆ ಆ ಹಾಡು ಹೇಳಬಾರದು, ಹೇಳಿದರೆ ಅದು ಹೆಣ ಹುಡುಕಿಕೊಂಡು ಬರುತ್ತದೆ ಎಂಬುದು ಅವರ ಕಡೆಯ ಕಟ್ಟು. ಡಾಕ್ಟರು ದಿನಾ ಬಂದು ಕಾಡಿದರು. ನಿಮ್ಮ ಜೊತೆ ಇದೂ ಮಣ್ಣಾಗುತ್ತೆ ಅಮ್ಮಾ ಎಂದು ಅಂಗಲಾಚಿದರು. ಕೊನೆಗೆ ಒಂದು ಮಧ್ಯಾಹ್ನ ಖಾತೂನ್ ಮಗಳನ್ನು ನೀರಿಗೆ ಕಳಿಸಿ, ಒಂದೇ ಒಂದು ಸಲ ಹಾಡಿದಳು. ತಿಂಗಳೊಳಗೆ ಜ್ವರ ಬಂದು ತೀರಿಕೊಂಡಳು.

ಡಾಕ್ಟರು ಪ್ರತಿ ಡಬ್ಬಿಯ ಮೇಲೂ ಒಂದು ಚೀಟಿ ಅಂಟಿಸುತ್ತಿದ್ದರು. ಹಾಡಿದವರು, ಊರು, ಸಾವಿನ ಹಾಡಾದರೆ ಯಾರಿಗಾಗಿ ಹಾಡಿದ್ದು. ಖಾತೂನಳ ಡಬ್ಬಿಗೆ ಕೆಂಪು ದಾರ ಕಟ್ಟಿದರು, ಏಕೆಂದರೆ ಅಂಥದ್ದು ಇನ್ನೊಂದಿರಲಿಲ್ಲ. ಚೀಟಿಯ ಕೊನೆಯ ಸಾಲು ಮಾತ್ರ ಖಾಲಿ ಉಳಿಯಿತು. ಆ ಖಾಲಿ ಜಾಗಕ್ಕೆ ಅವಳೇ ಹೋಗಿ ಬಿದ್ದಳು ಎಂದು ಅಮಾದಿಯಾದ ಹೆಂಗಸರು ಪಿಸುಗುಟ್ಟಿದರು. ಮರುವರ್ಷ ಜರೀಫಾ ಡಾಕ್ಟರನ್ನೇ ಮದುವೆಯಾದಾಗ, ತಾಯಿಯ ದನಿ ಇರುವ ಮನೆಗೇ ಸೇರಿಕೊಂಡಳು ನೋಡು ಎಂದು ಆಡಿಕೊಂಡರು. ಆಡಿಕೊಂಡದ್ದರಲ್ಲಿ ಸುಳ್ಳೇನಿರಲಿಲ್ಲ. ಆದರೆ ಇಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಅವಳು ಆ ಸುರುಳಿಯನ್ನು ಕೇಳಿರಲಿಲ್ಲ, ಗಂಡ ಹಾಕಲೂ ಬಿಟ್ಟಿರಲಿಲ್ಲ. ಅದು ಕಳೆದುಹೋದೀತೆಂದು ಎಷ್ಟು ಹೆದರಿಕೆಯೋ, ಅದು ಹಾಡೀತೆಂದೂ ಅಷ್ಟೇ ಹೆದರಿಕೆ. ಡಾಕ್ಟರು ಹೋದ ಮೇಲೆ ಗ್ರಂಥಾಲಯದ ದಫ್ನಾ ಎಂಬ ಹುಡುಗಿ ಬಂದು, ಟೇಪುಗಳು ಪುಡಿಯಾಗುವ ಮೊದಲು ಹೊಸದಕ್ಕೆ ಇಳಿಸಿಕೊಳ್ಳಬೇಕು, ಕೊಡಿ ಎಂದು ಎಷ್ಟೋ ಸಲ ಕೇಳಿದಳು. ಇಳಿಸಬೇಕಾದರೆ ಹಾಕಲೇಬೇಕಲ್ಲ. ಜರೀಫಾ ಇವತ್ತು ನಾಳೆ ಎಂದು ಮುಂದೂಡುತ್ತಲೇ ಬಂದು, ಅಂತೂ ಹಬ್ಬ ಮುಗಿಯಲಿ, ಬಂದು ಒಯ್ಯಿ ಎಂದಿದ್ದಳು.

ಈಗ ಹಬ್ಬ ಮುಗಿಯುವ ತನಕ ಮಳೆ ಕಾಯಬೇಕಲ್ಲ!

ಪ್ರಾರ್ಥನಾ ಮಂದಿರದ ಬಾಗಿಲಲ್ಲೇ ಹಾಖಾಮರನ್ನು ಹಿಡಿದಳು. ಎಲ್ಲ ಹೇಳಿದಳು. ಅವರು ಗಡ್ಡ ನೀವುತ್ತಾ ಕೇಳಿಸಿಕೊಂಡರು.

"ಆ ಕೋಣೆ ನಿಂದಲ್ಲ ಮಗಳೇ," ಎಂದರು. "ಒಳಗಿರೋ ಒಂದೆಳೆ ದಾರಾನೂ ನಿಂದಲ್ಲ. ಹಬ್ಬದ ದಿನ ಬಾಗ್ಲು ಒಡೆಯೋಕೆ ನನ್ನ ಬಾಯಲ್ಲಿ ಹೂಂ ಅನ್ನಿಸ್ಬೇಡ."

ಹಾಗಾದರೆ ನಿಮರನನ್ನು ಕರೆತರಲೇ ಎಂದಳು. ಅದೂ ಇಲ್ಲ. ಯೆಹೂದಿಯಲ್ಲದವನಿಂದ ಹಬ್ಬದ ದಿನ ಕೆಲಸ ಮಾಡಿಸಿಕೊಳ್ಳುವ ಹಾಗಿಲ್ಲ. ಬಾ ಅನ್ನಬಾರದು, ಎತ್ತು ಅನ್ನಬಾರದು, ಉಳಿಸು ಅನ್ನಬಾರದು. ಓಣಿಯ ಅಷ್ಟೂ ಮನೆಯ ಹುಳಿ ಸಾಮಾನು ಒಂದೇ ಮಾರಾಟದಲ್ಲಿ ಹೋಗಿದೆ, ನೀನು ಒಬ್ಬಳು ಅದನ್ನು ನಾಟಕ ಮಾಡಿದರೆ ಎಲ್ಲರ ಹಬ್ಬವೂ ಕೆಡುತ್ತದೆ ಎಂದರು. ಹೇಳುವಾಗ ಅವರ ಮುಖವೂ ಬಿಳಿಚಿಕೊಂಡಿತ್ತು. ಡಾಕ್ಟರ ಯಂತ್ರದೆದುರು ಅವರೂ ಹರೆಯದಲ್ಲಿ ಹಾಡಿದವರೇ. ಆಮೇಲೆ ದನಿ ತಗ್ಗಿಸಿ ಹೇಳಿದರು: "ಒಂದು ಮಾತು ಹೇಳಬಹುದು. ನಿನ್ನ ಸಾಮಾನಿನ ಮೇಲೆ ನೀರು ಬೀಳ್ತಿದೆ ಅಂತ. ಅಷ್ಟೇ. ಅವನಾಗೇ ಬಂದ್ರೆ ಬಂದ."

ಬೇತ್ ಸಫಾಫಾಕ್ಕೆ ನಡೆದೇ ಹೋಗಬೇಕು. ಹಬ್ಬದ ದಿನ ಗಾಡಿ ಹತ್ತುವ ಹಾಗಿಲ್ಲ, ಫೋನ್ ಮುಟ್ಟುವ ಹಾಗಿಲ್ಲ. ಮಾಮೂಲು ದಿನಗಳಲ್ಲಿ ಜರೀಫಾ ಸೊಪ್ಪು ಕೊಳ್ಳಲು ಹಳಿ ದಾಟಿ ಹೋಗಿಬರುತ್ತಿದ್ದವಳೇ. ಆದರೆ ಆ ವರ್ಷ ಅರಬರ ದಂಗೆಯೆದ್ದು, ಕಲ್ಲು ತೂರಾಟ, ಟೈರು ಸುಡುವುದು, ಸಿಪಾಯಿಗಳು ಬಾಗಿಲು ಬಡಿಯುವುದು ದಿನದ ಸುದ್ದಿಯಾಗಿತ್ತು. ಆ ಕಡೆಗೆ ಈ ಕಡೆಯವರು ಹೋಗುವುದು ನಿಂತಿತ್ತು. ಮಳೆಯಲ್ಲಿ ದಾರಿಯ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ತಲೆಯ ಬಟ್ಟೆ ತೊಯ್ದು ಕತ್ತಿಗೆ ಅಂಟಿತು. ಗೋಡೆಯ ಹಿಂದೆ ಏನೋ ಅಲುಗಾಡಿದರೆ ಜೀವ ಬಾಯಿಗೆ ಬರುತ್ತಿತ್ತು. ಕಲ್ಲು ಬಿದ್ದರೆ ಬೀಳಲಿ, ಅಷ್ಟರಲ್ಲಿ ಆ ಮಾತು ಹೇಳಿ ಮುಗಿಸಿದರೆ ಸಾಕು ಎಂದುಕೊಳ್ಳುತ್ತಾ ನಡೆದಳು. ಅವನಿಗೆ ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದಳು, ಎಲ್ಲಿ ನಾಲಿಗೆ ಜಾರಿ 'ದಮ್ಮಯ್ಯ' ಎಂದುಬಿಡುವೆನೋ ಎಂದು.

ನಿಮರನ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ರಾಶಿಗೆ ತಾಡಪಾಲು ಹೊದಿಸಿತ್ತು. ಗಡ್ಡ ಬಿಟ್ಟಿದ್ದ ನಿಮರ್ ಬಾಗಿಲು ತೆಗೆದು, ಈ ಮಳೆಯಲ್ಲಿ ಕಟಮೋನಿನ ಮುದುಕಿಯನ್ನು ನೋಡಿ ಬೆಚ್ಚಿದ. ಅವಳ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಓಣಿಯ ಕಡೆ ಕಣ್ಣು ಹಾಯಿಸಿದ. ಅವನಿಗೂ ಹೆದರಿಕೆ.

ಜರೀಫಾ ಅರಬಿಯಲ್ಲಿ ಹೇಳಿದಳು: "ನಿನ್ನ ಸಾಮಾನಿನ ಮೇಲೆ ನೀರು ಬೀಳ್ತಿದೆ."

ಯಾವ ಸಾಮಾನು ಎಂದು ಅವನಿಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಹೊಳೆದ ಮೇಲೆ ನಕ್ಕುಬಿಟ್ಟ. "ಶಾವಿಗೆ ತಾನೇ ಖಾಲಾ? ನೆನೀಲಿ ಬಿಡಿ. ನಾನೇನು ಅದನ್ನ ತಿಂತೀನಾ?"

ಅವಳ ಹತ್ತಿರ ಇನ್ನೊಂದು ಮಾತಿರಲಿಲ್ಲ. ಬಾ ಎನ್ನುವ ಹಾಗಿಲ್ಲ, ಉಳಿಸು ಎನ್ನುವ ಹಾಗಿಲ್ಲ. ಹಿಂದಿರುಗಿ ಹೋಗಲು ಕಾಲೂ ಏಳಲಿಲ್ಲ. ನೀರು ಸುರಿಸಿಕೊಂಡು ಹೊಸ್ತಿಲಲ್ಲೇ ನಿಂತಳು. ಅಳು ಬಂದರೆ ಅದೂ ಕೇಳಿಕೊಂಡ ಹಾಗೇ ಆದೀತೇನೋ ಎಂದು ತುಟಿ ಕಚ್ಚಿಹಿಡಿದಳು. ಆಗ ಒಳಗಿಂದ, ಯಾರೋ ಅದು, ಒಳಗೆ ಕರಿ ಎಂದು ಒಂದು ಮುದಿದನಿ ಕೇಳಿತು.

ಅದು ನಿಮರನ ತಾಯಿ. ಊರವರಿಗೆಲ್ಲ ಉಮ್ ನಿಮರ್. ಕರಿಬಟ್ಟೆಯುಟ್ಟು ಗೋಡೆಗೊರಗಿ ಕೂತಿದ್ದಳು. ತಲೆಯ ಮೇಲ್ಗಡೆ ಗೋಡೆಯಲ್ಲಿ ಒಬ್ಬ ಹುಡುಗನ ಫೋಟೋ, ಮೂಲೆಗೆ ಕರಿಪಟ್ಟಿ. ಅವಳ ಕಿರಿಮಗ ಫಾರಿಸ್. ಐದು ವಾರದ ಹಿಂದೆ, ಕಟ್ಟುತ್ತಿದ್ದ ಕಟ್ಟಡದ ಮೇಲಿಂದ ಬಿದ್ದು ಹೋಗಿದ್ದ. ಹೊರಗೆ ರಾಶಿ ಹಾಕಿದ್ದು ಅವನಿಗೆ ಅಳಲು ಬಂದವರ ಕುರ್ಚಿಗಳು. ಕಣ್ಣೀರೇ ಬರ್ತಿಲ್ಲ ತಂಗೀ, ಒಣಗಿಹೋಗಿದೆ ಎಂದು ಉಮ್ ನಿಮರ್ ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದಳು. ಸಾವಿನ ಮನೆಯ ಸಕ್ಕರೆಯಿಲ್ಲದ ಕಾಫಿ ಮುಂದಿಟ್ಟಳು. ಹಬ್ಬದಲ್ಲಿ ಹೊರಗಿನದು ಮುಟ್ಟುವಂತಿಲ್ಲ ಎಂದು ಜರೀಫಾ ಕೈಮುಗಿದಳು. ಅದಕ್ಕೆ ಮುದುಕಿ ಬೇಸರಪಟ್ಟುಕೊಳ್ಳಲಿಲ್ಲ, ಏನಿದೆ ಆ ಕೋಣೆಯಲ್ಲಿ ಎಂದು ಕೇಳಿದಳು.

ಕೇಳಿದ್ದಕ್ಕೆ ಉತ್ತರ ಹೇಳಬಾರದು ಎಂದು ಹಾಖಾಮರು ಹೇಳಿರಲಿಲ್ಲ.

"ನನ್ನಮ್ಮನ ದನಿ ಇದೆ," ಎಂದಳು ಜರೀಫಾ.

ಆಮೇಲೆ ತಡೆಯಲಾಗಲಿಲ್ಲ. ಡೇರೆ, ಡಾಕ್ಟರು, ಹೆಣವಿಲ್ಲದೆ ಹಾಡಿದ ಹಾಡು, ತಿಂಗಳೊಳಗೆ ತೀರಿಹೋದ ತಾಯಿ, ಕೆಂಪು ದಾರ, ಚೀಟಿಯ ಖಾಲಿ ಸಾಲು, ಎಲ್ಲ ಹೇಳಿದಳು. ಯಾರಿಗೂ ಹೇಳದಿದ್ದದ್ದನ್ನೂ ಹೇಳಿದಳು. ಆ ಹಾಡು ಇನ್ನೂ ಹಸಿದುಕೊಂಡೇ ಇದೆ ಎಂದು ತನಗೆ ಹೆದರಿಕೆ, ಒಮ್ಮೆ ಹಾಕಿದರೆ ಸಾಕು ಮನೆಯಲ್ಲಿ ಇರುವವರನ್ನು ಹುಡುಕುತ್ತದೆ, ಆದರೆ ಅದು ನೀರಲ್ಲಿ ಕರಗಿಹೋದರೆ ಅಮ್ಮ ಎರಡನೇ ಸಲ ಸತ್ತ ಹಾಗೆ ಎಂದಳು. ಬೇಡಿಕೊಳ್ಳುವ ಒಂದು ಮಾತೂ ಅದರಲ್ಲಿ ಇರಲಿಲ್ಲ.

ಉಮ್ ನಿಮರ್ ಮಗನ ಕಡೆ ತಿರುಗಿದಳು. "ಎದ್ದೇಳೋ. ಶಾವಿಗೆಗೋಸ್ಕರ ಯಾರೂ ಈ ಮಳೇಲಿ ಹಳಿ ದಾಟಿ ಬರಲ್ಲ."

"ಹಬ್ಬದ ದಿನ ಅವರ ಓಣಿಗೆ ಗಾಡಿ ನುಗ್ಗಿಸಿದ್ರೆ ನನ್ನ ಸುಮ್ನೆ ಬಿಡ್ತಾರೇನಮ್ಮ?" ಎಂದ ನಿಮರ್. ದನಿಯಲ್ಲಿ ನಗು ಉಳಿದಿರಲಿಲ್ಲ. "ಒಬ್ಬ ಮಗ ಹೋಗಿರೋದು ಸಾಲ್ದಾ?"

ಮುದುಕಿ ಬೀಗದ ಕೈಗಳ ಗೊಂಚಲು ತೆಗೆದು ಅವನ ಮುಂದೆ ಹಿಡಿದಳು. ಅವನು ಈಸಿಕೊಂಡ. ಗಾಡಿ ಹತ್ತುವಂತಿಲ್ಲದ ಜರೀಫಾ ಮುಂದಾಗಿ ನಡೆದು ಹೊರಟಳು.

ಕಟಮೋನಿನ ಓಣಿ ಬಾಯಿಗೆ ಪಿಕಪ್ ಬಂದಾಗ ಬಾಲ್ಕನಿಗಳಿಂದ ಬೈಗುಳ ಶುರುವಾಯಿತು. ಹಬ್ಬ, ಹಬ್ಬ, ನಾಚಿಕೆ ಇಲ್ವಾ ಎಂದು ಕೂಗಿದರು. ಯಾರೋ ಕಿತ್ತಳೆ ಸಿಪ್ಪೆ ಎಸೆದರು. ನ‌ಡೆದು ಬಂದ ಜರೀಫಾ ಅಷ್ಟು ದೂರದಿಂದಲೇ ಅದನ್ನು ಕಂಡು ಅಲ್ಲೇ ನಿಂತಳು. ನೋಡಿದರೆ ಹಾಖಾಮ್ ಶಬ್ತಾಯ್ ಓಣಿ ಬಾಯಲ್ಲಿ ಮಳೆಯಲ್ಲೇ ಕುರ್ಚಿ ಹಾಕಿಕೊಂಡು, ಊದಿದ ಕಾಲು ಚಾಚಿ ಕೂತಿದ್ದರು. ಕೋಲೆತ್ತಿ ಬಾಲ್ಕನಿಗಳಿಗೆ ಗದರಿದರು: "ಅವನ ಸಾಮಾನು, ಅವನ ಗಾಡಿ. ನಿಮ್ಮ ಹುಳಿನೆಲ್ಲ ಹೊತ್ಕೊಂಡಿರೋನೂ ಅವನೇ. ಬಾಯಿ ಮುಚ್ಕೊಂಡು ಒಳಗೆ ಹೋಗಿ." ಬಾಲ್ಕನಿಗಳು ಒಂದೊಂದಾಗಿ ಖಾಲಿಯಾದವು.

ನಿಮರ್ ಬೀಗ ತೆಗೆದ. ಜರೀಫಾ ಹೊಸ್ತಿಲ ಈಚೆಯೇ ನಿಂತು ಒಳಗೆ ಕತ್ತು ಚಾಚಿದಳು. ನೋಡಬಾರದಿತ್ತು ಅನ್ನಿಸಿತು. ನೀರು ನೇರವಾಗಿ ಹಿಟ್ಟಿನ ಚೀಲದ ಮೇಲೆ ಬೀಳುತ್ತಿತ್ತು. ಚೀಲ ನೆನೆದು, ಹಿಟ್ಟು ಕಲೆಸಿದ ಗಂಜಿಯಾಗಿ, ಹಲಗೆಯಿಂದ ಇಳಿದು ಡಬ್ಬಿಗಳ ಮೇಲೆ ಸುರಿದಿತ್ತು. ಯಂತ್ರದ ಮುಚ್ಚಳದ ಮೇಲೂ ಗಂಜಿ. ಹಬ್ಬದ ದಿನ, ಅವಳದೇ ಮನೆಯಲ್ಲಿ, ಅವಳೇ ಇಟ್ಟ ಹಿಟ್ಟು ಹುಳಿ ಬರುತ್ತಾ ಅವಳ ತಾಯಿಯನ್ನು ಮೆತ್ತಿಕೊಳ್ಳುತ್ತಿತ್ತು. ಜರೀಫಾ ಕೈ ಮುಂದೆ ಮಾಡಿ, ಮಾಡಿದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು.

ನಿಮರ್ ಕೆಂಪು ದಾರದ ಡಬ್ಬಿಯನ್ನು ಎತ್ತಿ ಅಂಗಿಗೆ ಒರೆಸಿ ತೋರಿಸಿದ. "ಇವರೇನಾ ನಿಮ್ಮಮ್ಮ?"

ಅವಳು ತಲೆಯಾಡಿಸಿದಳು. ಎಲ್ಲಿಡಲಿ, ನಿಮ್ಮ ಮಂಚದ ಮೇಲಿಡಲಾ ಎಂದು ಕೇಳಿದ. ಅಷ್ಟು ಹುಳಿ ಮೆತ್ತಿದ್ದನ್ನು ಹಬ್ಬದ ಮನೆಯೊಳಗೆ ಇಡುವುದೆಲ್ಲಿ? ಅವನು ಅವಳ ಮುಖ ನೋಡಿ, ಡಬ್ಬಿ ನೋಡಿ, ತಾನೇ ಒಂದು ತೀರ್ಮಾನಕ್ಕೆ ಬಂದ. ಒದ್ದೆ ಗೋಡೆಯ ಡಬ್ಬಿಗಳನ್ನೂ ಯಂತ್ರವನ್ನೂ ಒಂದೊಂದಾಗಿ ಕೆಳಗೆ ಹೊತ್ತು, ಪಿಕಪ್ಪಿನಲ್ಲಿ ತಾಡಪಾಲಿನಡಿ ಜೋಡಿಸಿದ. ಸೋರುವ ಕಡೆ ಡಾಕ್ಟರ ತಗಡಿನ ತೊಟ್ಟಿ ಇಟ್ಟ. ಮತ್ತೆ ಬೀಗ ಹಾಕಿ, ಬೀಗದ ಕೈ ಜೇಬಿಗೆ ಹಾಕಿಕೊಂಡು ಹೋದ.

ವಾಪಸ್ ತರುತ್ತೇನೆ ಎಂದು ಅವನು ಹೇಳಲಿಲ್ಲ. ತಾ ಎಂದು ಅವಳು ಹೇಳುವ ಹಾಗಿರಲಿಲ್ಲ.

ಆ ವಾರ ಜರೀಫಾಗೆ ಅನ್ನ ಇಳಿಯಲಿಲ್ಲ. ಎದುರುಮನೆಯ ಅಲ್ಲೆಗ್ರಿಯಾ ದಿನಾ ಬಂದು ಬೆಂಕಿಗೆ ಎಣ್ಣೆ ಹೊಯ್ದಳು. "ಅರಬನ ಕೈಗೆ ಕೊಟ್ಯಾ? ಯಂತ್ರ ಈಗಾಗ್ಲೇ ಸಂತೆ ಸೇರಿರುತ್ತೆ ಕಣೇ," ಎಂದಳು. ಹೋಗಿ ನೋಡಿಬರಲೇ ಎಂದರೆ ಹಾಖಾಮರು ಬೇಡವೆಂದರು. ಮಾರಿದವಳು ದಿನಾ ಹೋಗಿ ಮಾರಿದ್ದನ್ನು ನೋಡಿಕೊಂಡು ಬಂದರೆ ಅದೆಂಥ ಮಾರಾಟ ಎಂದರು. ಕಣ್ಣು ಮುಚ್ಚಿದರೆ ಟೇಪು ಅಂಟಂಟಾಗಿ ಕಿತ್ತು ಬರುವುದು ಕಾಣುತ್ತಿತ್ತು. ಇಲ್ಲದಿದ್ದರೆ ಬೇತ್ ಸಫಾಫಾದ ಆ ಮನೆಯಲ್ಲಿ ಯಾರೋ ಯಂತ್ರದ ಗುಂಡಿ ಒತ್ತುವುದು, ಅಮ್ಮನ ಹಾಡು ಎದ್ದು ಮನೆಯೊಳಗೆಲ್ಲ ಹುಡುಕುವುದು. ಮೊದಲೇ ಒಬ್ಬನನ್ನು ಕಳಕೊಂಡ ಮನೆ ಅದು. ದೇವರೇ, ಯಾಕಾದರೂ ಹೇಳಿದೆನೋ ಎಂದು ತಲೆ ಚಚ್ಚಿಕೊಂಡಳು.

ಏಳನೇ ದಿನ ಹೊತ್ತು ಮುಳುಗಿ ಹಬ್ಬ ಮುಗಿಯಿತು. ಮೊರಾಕೊ ಕಡೆಯವರು ಬಾಗಿಲು ತೆರೆದಿಟ್ಟು, ಬೆಣ್ಣೆ ಜೇನು ಸುರಿದ ತೆಳ್ಳನೆ ರೊಟ್ಟಿ ಸುಡಲು ಶುರುಮಾಡಿದ್ದರು. ಮೆಟ್ಟಿಲ ತುಂಬ ಅದರ ಘಮ. ಜರೀಫಾ ಕಿಟಕಿಯಲ್ಲಿ ನಿಂತಿದ್ದಳು. ಹಾಖಾಮರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದು ಅವಳ ಬೀಗದ ಕೈ ಮೇಜಿನ ಮೇಲಿಟ್ಟರು. ಮುಖ ಸಪ್ಪಗಿತ್ತು.

"ಎಲ್ಲಾ ವಾಪಸ್ ಮಾರಿದ. ಬೆಳಿಗ್ಗೆ ತಂದುಕೊಡ್ತಾನೆ," ಎಂದರು. "ಒಂದು ಡಬ್ಬಿ, ಆ ಯಂತ್ರ ಮಾತ್ರ ಮಾರಲ್ಲ ಅಂದ."

ಯಾವ ಡಬ್ಬಿ ಎಂದು ಅವಳು ಕೇಳಲಿಲ್ಲ. ಅವನದು, ಅವನಿಷ್ಟ, ನಾನು ಜುಲುಮೆ ಮಾಡೋ ಹಾಗಿಲ್ಲ ಮಗಳೇ ಎಂದು ಹಾಖಾಮರು ಇನ್ನೂ ಏನೇನೋ ಹೇಳುತ್ತಿದ್ದರು. ಅವಳು ಕುರ್ಚಿ ತಡವಿ ಕೂತುಕೊಂಡಳು.

ಬೆಳಿಗ್ಗೆ ನಿಮರ್ ಬಂದ. ಡಬ್ಬಿಗಳನ್ನೆಲ್ಲ ಒರೆಸಿ, ಒಣಗಿಸಿ, ನಡುನಡುವೆ ದಿನಪತ್ರಿಕೆ ಇಟ್ಟು ಜೋಡಿಸಿ ತಂದಿದ್ದ. ಅಷ್ಟು ಜೋಪಾನವಾಗಿ ಡಾಕ್ಟರೂ ಇಟ್ಟಿರಲಿಲ್ಲ. ಆದರೆ ಯಂತ್ರ ಇರಲಿಲ್ಲ, ಕೆಂಪು ದಾರವೂ ಇರಲಿಲ್ಲ. ಅವಳ ಕಣ್ಣು ತಪ್ಪಿಸುತ್ತಾ, ಎರಡೂ ಅಮ್ಮನ ಹತ್ತಿರ ಇವೆ, ಅಮ್ಮ ಕೊಡುತ್ತಿಲ್ಲ, ತಾನು ಹೇಳಿ ಸಾಕಾಯಿತು ಎಂದ. ಪೊಲೀಸರಿಗೆ ಹೇಳಬೇಡಿ ಖಾಲಾ ಎಂದೂ ಸೇರಿಸಿದ. ಜರೀಫಾ ಚಪ್ಪಲಿ ಮೆಟ್ಟಿಕೊಂಡು ಅವನ ಪಿಕಪ್ ಹತ್ತಿದಳು.

ಉಮ್ ನಿಮರ್ ಅದೇ ಗೋಡೆಗೊರಗಿ ಕೂತಿದ್ದಳು. ಪಕ್ಕದಲ್ಲಿ ಯಂತ್ರ, ಮಡಿಲಲ್ಲಿ ಕೆಂಪು ದಾರದ ಡಬ್ಬಿ. ಕಣ್ಣು ಊದಿಕೊಂಡಿತ್ತು.

"ಬೈಯೋದಾದ್ರೆ ನನ್ನ ಬೈಯಿ. ಹುಡುಗನದೇನೂ ತಪ್ಪಿಲ್ಲ," ಎಂದಳು.

"ಹಾಕಿದ್ರಾ?" ಎಂದಳು ಜರೀಫಾ.

ಹಾಕಿದ್ದರು. ಫಾರಿಸ್ ಹೋಗಿ ನಲವತ್ತನೇ ದಿನಕ್ಕೆ ಊರ ಹೆಂಗಸರೆಲ್ಲ ಸೇರಿದ್ದರು. ಪಕ್ಕದ ಮನೆಯ ಮೇಷ್ಟ್ರು ಯಂತ್ರ ನಡೆಸಿದರು. ಒಂದೇ ಸಲ. ಮಾತು ಒಂದೂ ತಿಳಿಯಲಿಲ್ಲ. ಮೊದಲ ಸಾಲು ಮುಗಿಯುವುದರೊಳಗೆ ಉಮ್ ನಿಮರಳ ಎದೆಯಿಂದ ಏನೋ ಕಿತ್ತುಕೊಂಡು ಬಂತು, ಮಗ ಸತ್ತಾಗಿನಿಂದ ಬಾರದಿದ್ದ ಅಳು ಆ ದಿನ ಬಂತು, ಸಂಜೆಯವರೆಗೆ ನಿಲ್ಲಲಿಲ್ಲ.

"ನಿನ್ನ ತಾಯಿ ಬಂದು ನನ್ನ ಅಳಿಸಿ ಹೋದ್ಲು," ಎಂದಳು.

ಜರೀಫಾ ಅವಳ ಪಕ್ಕ ಕೂತಳು. ಮತ್ಯಾಕೆ ಕೊಡುವುದಿಲ್ಲ ಎಂದು ಕೇಳಿದಳು.

ಮುದುಕಿ ಡಬ್ಬಿಯ ಮೇಲೆ ಕೈ ಅಗಲಿಸಿ ಇಟ್ಟುಕೊಂಡಳು. "ನೀನೇ ಹೇಳಿದ್ದಲ್ವಾ ತಂಗೀ? ಸಾವಿಲ್ಲದ ಮನೇಲಿ ಇದು ಸಾವು ಹುಡುಕುತ್ತೆ ಅಂತ. ನಿನ್ನ ಮನೇಲಿ ಇರೋಳು ನೀನೊಬ್ಳೇ. ಹುಡುಕಿದ್ರೆ ಇನ್ಯಾರನ್ನ ಹುಡುಕ್ಬೇಕು ಅದು? ಇಲ್ಲಿ ಅದಕ್ಕೆ ಬೇಕಾದ್ದು ಆಗ್ಲೇ ಆಗಿಹೋಗಿದೆ. ಇಲ್ಲೇ ಇರ್ಲಿ. ನಿನ್ನ ತಂಟೆಗೆ ಬರಲ್ಲ."

ಒಂದು ವಾರದಿಂದ ಜರೀಫಾ ತನ್ನನ್ನು ಲೂಟಿ ಮಾಡಿದ್ದಾರೆಂದು ಹೆದರಿದ್ದಳು. ಈ ಮುದುಕಿ ನೋಡಿದರೆ ಜರೀಫಾಳ ಸಾವನ್ನು ತನ್ನ ಮಡಿಲಲ್ಲಿ ಹಿಡಿದು ಕೂತಿದ್ದಳು. ನಾಚಿಕೆಯಾಯಿತು, ಅಳು ಬಂತು. ಫೋಟೋದ ಹುಡುಗನನ್ನು ನೋಡಿದಳು. ಹಾಡು ಅವನನ್ನು ಹುಡುಕಿಕೊಂಡು ಬಂದಿರಲಿಲ್ಲ. ಅವನು ಮೊದಲೇ ಹೋಗಿದ್ದ, ಹಾಡು ಆಮೇಲೆ ಬಂತು. ಹೇಗೆ ಬರಬೇಕೋ ಹಾಗೇ ಬಂತು, ಕರೆಸಿಕೊಂಡ ಮನೆಗೆ ಅಮ್ಮ ಹೋಗುತ್ತಿದ್ದ ಹಾಗೆ. ಮೂವತ್ತೇಳು ವರ್ಷ ಅದು ಕಾದದ್ದು ಇದಕ್ಕೇ ಇರಬೇಕು. ಎದೆಯ ಮೇಲಿಂದ ಯಾರೋ ಎದ್ದು ಹೋದ ಹಾಗಾಯಿತು.

"ಇನ್ನು ಅದು ಯಾರನ್ನೂ ಹುಡುಕಲ್ಲ ಅಕ್ಕಾ," ಎಂದಳು. "ಅದರ ಕೆಲಸ ಆಯ್ತು. ನನಗೆ ಮಾರು."

ತನ್ನ ತಲೆಬಟ್ಟೆಯ ತುದಿಯನ್ನು ಮುಂದೆ ಹಿಡಿದಳು. ಹಾಖಾಮರ ಕರವಸ್ತ್ರದ ವ್ಯವಹಾರ ಉಮ್ ನಿಮರಿಗೆ ಮಗನಿಂದ ಗೊತ್ತಿತ್ತು. ಮುದುಕಿ ಬಟ್ಟೆಯ ತುದಿ ಹಿಡಿದೆಳೆದಳು, ಡಬ್ಬಿಯನ್ನು ಜರೀಫಾಳ ಕೈಗೆ ಇಟ್ಟಳು. ಯಂತ್ರವನ್ನು ನಿಮರ್ ಗಾಡಿಗೆ ಹೊತ್ತ.

ದಫ್ನಾ ಮರುದಿನವೇ ಬಂದು ಎಲ್ಲವನ್ನೂ ಗ್ರಂಥಾಲಯಕ್ಕೆ ಸಾಗಿಸಿದಳು. ಕೆಂಪು ದಾರದ ಡಬ್ಬಿಯನ್ನು ಜರೀಫಾ ಬೇರೆಯವರ ಕೈಗೆ ಕೊಡದೆ ತಾನೇ ಹಿಡಿದುಕೊಂಡು ಹೋದಳು. ಹೊಸ ಟೇಪಿಗೆ ಇಳಿಸುವ ಸಣ್ಣ ಕೋಣೆಯಲ್ಲಿ ದಫ್ನಾ ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿ, ಅಂಚು ಮಾತ್ರ ಒದ್ದೆಯಾಗಿತ್ತು, ಬಚಾವಾಯಿತು ಎಂದಳು. ಆಮೇಲೆ ಚೀಟಿ ಓದಿದಳು.

"ಯಾರಿಗಾಗಿ ಹಾಡಿದ್ದು ಅನ್ನೋದು ಖಾಲಿ ಇದೆಯಲ್ಲ. ಗೊತ್ತಿಲ್ಲ ಅಂತ ಬರೀಲಾ?"

"ಗೊತ್ತು, ಬರಿ," ಎಂದಳು ಜರೀಫಾ. "ಬೇತ್ ಸಫಾಫಾದ ಫಾರಿಸ್. ಉಮ್ ನಿಮರ್ ಮಗ."

ದಫ್ನಾ ಪೆನ್ನು ನಿಲ್ಲಿಸಿ ತಲೆಯೆತ್ತಿದಳು. ಟೇಪು ಹಿಡಿದ ವರ್ಷ ಚೀಟಿಯ ಮೇಲೇ ಇತ್ತು. ಆ ಹೊತ್ತಿಗೆ ಆತ ತೀರಿಕೊಂಡಿದ್ದರಾ ಎಂದು ಕೇಳಿದಳು.

"ಹುಟ್ಟೇ ಇರ್ಲಿಲ್ಲ," ಎಂದಳು ಜರೀಫಾ. "ನೀನು ಬರಿ."

ದಫ್ನಾ ಬರೆದಳು. ಜರೀಫಾ ಕುರ್ಚಿಯನ್ನು ಯಂತ್ರದ ಹತ್ತಿರಕ್ಕೆ ಎಳೆದುಕೊಂಡು, ಎರಡೂ ಕೈ ಮಡಿಲಲ್ಲಿಟ್ಟು ಕೂತಳು.

"ಈಗ ಹಾಕು," ಎಂದಳು.